ಕೋಸ್ಟಾ ರಿಕಾಕ್ಕೆ ಕಡಲಾಮೆ ಕಾಯಲು ಹೋಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಮಟಾ ಕಡೆಯವಳು. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಕೋಸ್ಟಾ ರಿಕಾಕ್ಕೆ ಹೋಗಿ, ಕೆರಿಬಿಯನ್ ಕಡಲಿನ ದಂಡೆಯಲ್ಲಿ ಎಂಟು ವಾರ ರಾತ್ರಿ ಗಸ್ತು ತಿರುಗಿದೆ. ಆಮೇಲೆ ಪೆಸಿಫಿಕ್ ಕಡೆಯ ಒಸ್ತಿಯೊನಾಲ್ ಎಂಬ ಊರಿನಲ್ಲಿ ಹತ್ತು ದಿನ ಇದ್ದೆ. ಅಂದಿನಿಂದ ಮದುವೆಮನೆ, ರೈಲು, ಪತ್ರ, ಮೆಸೇಜು, ಎಲ್ಲ ಕಡೆ ಅವೇ ಪ್ರಶ್ನೆಗಳು ಬರುತ್ತಿವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ.

## ಮೊದಲ ಪ್ರಶ್ನೆಗಳು

ಅಕ್ಕಾ, ಅಲ್ಲಿ ಹೋಗಿ ನಿಜವಾಗ್ಲೂ ಏನು ಮಾಡ್ತಾರೆ?

ನಡೆಯುತ್ತಾರೆ. ಇದು ಮೊದಲ ಉತ್ತರ. ರಾತ್ರಿ ಎಂಟಕ್ಕೆ ಒಂದು ತಂಡ, ನಡುರಾತ್ರಿಗೆ ಇನ್ನೊಂದು ತಂಡ. ಮೆತ್ತನೆಯ ಮರಳಿನಲ್ಲಿ ನಾಲ್ಕು ಗಂಟೆ ನಡಿಗೆ. ಮುಂದೆ ಊರಿನ ಒಬ್ಬ ತಂಡದ ಮುಖ್ಯಸ್ಥ, ಹಿಂದೆ ನಾವು. ಟ್ರ್ಯಾಕ್ಟರ್ ಗಾಲಿ ಉರುಳಿದಂತೆ ಮರಳಿನ ಮೇಲೆ ಗುರುತು ಕಂಡರೆ ಆಮೆ ಮೇಲೆ ಬಂದಿದೆ ಅಂತ ಅರ್ಥ.

ಅವಳು ಗುಂಡಿ ತೋಡಿ ಮುಗಿಸುವವರೆಗೆ ಸುಮ್ನೆ ಕೂರಬೇಕು. ಮೊಟ್ಟೆ ಇಡಲು ಶುರು ಮಾಡಿದ ಮೇಲೆ ಹಿಂದಿನಿಂದ ಹೋಗಿ ಎಣಿಸುತ್ತೇವೆ. ಹಸಿರು ಕಡಲಾಮೆ ಒಂದು ಸಲಕ್ಕೆ ನೂರಾಹತ್ತರ ಆಸುಪಾಸು ಮೊಟ್ಟೆ ಇಡುತ್ತದೆ. ಇಟ್ಟಾದ ಮೇಲೆ ಚಿಪ್ಪಿನ ಉದ್ದ ಅಗಲ ಅಳೆಯುವುದು, ಮುಂಗಾಲಿನಲ್ಲಿ ಲೋಹದ ಟ್ಯಾಗ್, ಅಂದರೆ ಗುರುತಿನ ಬಿಲ್ಲೆ, ಇದೆಯಾ ನೋಡುವುದು, ಇಲ್ಲದಿದ್ದರೆ ಹಾಕುವುದು, ಗೂಡಿನ ಜಾಗ ಗುರುತು ಮಾಡಿ ಬರೆದುಕೊಳ್ಳುವುದು. ಹಗಲಿನಲ್ಲಿ ಮರಿ ಹೊರಟುಹೋದ ಗೂಡುಗಳನ್ನು ಬಗೆದು ಎಷ್ಟು ಒಡೆದವು, ಎಷ್ಟು ಕೊಳೆತವು ಅಂತ ಲೆಕ್ಕ ಹಾಕುತ್ತೇವೆ. ಅದರ ವಾಸನೆ ಹೇಳುವಂಥದ್ದಲ್ಲ. ಉಳಿದ ಹೊತ್ತು ಕಸ ಹೆಕ್ಕುವುದು, ಅಡುಗೆ, ಪಾತ್ರೆ, ನಿದ್ದೆ.

ಕೋಸ್ಟಾ ರಿಕಾನೇ ಯಾಕೆ?

ಕಡಲಾಮೆಯನ್ನು ಕಾಯುವ ಕೆಲಸ ಅಲ್ಲಿ ಬಹಳ ಹಳೆಯದು. ದೇಶದ ಈಶಾನ್ಯದಲ್ಲಿ ತೋರ್ತುಗೆರೊ ಅಂತ ಒಂದು ಊರಿದೆ. ಅಮೆರಿಕ ಖಂಡಗಳ ಕಡೆಯಲ್ಲಿ ಹಸಿರು ಕಡಲಾಮೆಗಳು ಅತಿ ಹೆಚ್ಚು ಮೊಟ್ಟೆ ಇಡುವ ದಂಡೆ ಅದು. ಆರ್ಚಿ ಕಾರ್ ಎಂಬ ವಿಜ್ಞಾನಿ 1955ರಲ್ಲಿ ಅಲ್ಲಿ ಆಮೆಗಳಿಗೆ ಟ್ಯಾಗ್ ಹಾಕಲು ಶುರು ಮಾಡಿದರು. ಅವರ ಕೆಲಸಕ್ಕೆ ಬೆನ್ನೆಲುಬಾಗಿ 1959ರಲ್ಲಿ ಹುಟ್ಟಿದ ಸಂಸ್ಥೆಗೆ ಈಗ ಸೀ ಟರ್ಟಲ್ ಕನ್ಸರ್ವೆನ್ಸಿ ಅಂತ ಹೆಸರು. 1975ರಲ್ಲಿ ಆ ಜಾಗ ರಾಷ್ಟ್ರೀಯ ಉದ್ಯಾನವಾಯಿತು.

ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಊರಿನ ಕಥೆ. ಒಂದು ಕಾಲದಲ್ಲಿ ಅಲ್ಲಿನ ಗಂಡಸರು ರಾತ್ರಿ ದಂಡೆಯಲ್ಲಿ ಕಾದು ಕೂತು, ಮೊಟ್ಟೆ ಇಡಲು ಬಂದ ಆಮೆಯನ್ನು ಬೆನ್ನಿನ ಮೇಲೆ ಮಗುಚಿ ಹಾಕುತ್ತಿದ್ದರು. ಅವರಿಗೆ ವೆಲದೋರ್ ಅಂತ ಹೆಸರು, ಅಂದರೆ ರಾತ್ರಿ ಎಚ್ಚರ ಇರುವವನು. ಬೆಳಿಗ್ಗೆ ದೋಣಿ ಬಂದು ಆಮೆಗಳನ್ನು ಮಾಂಸಕ್ಕೆ ಒಯ್ಯುತ್ತಿತ್ತು. ಇವತ್ತು ಅದೇ ಊರಿನ ಜನ ಲೈಸೆನ್ಸ್ ಪಡೆದ ಗೈಡ್‌ಗಳಾಗಿದ್ದಾರೆ. ಅವರಿಲ್ಲದೆ ಯಾವ ಪ್ರವಾಸಿಯೂ ರಾತ್ರಿ ಆ ದಂಡೆಗೆ ಕಾಲಿಡುವಂತಿಲ್ಲ. ಆಮೆ ಉಳಿದದ್ದು ಹೊರಗಿನಿಂದ ಬಂದ ನಮ್ಮಂಥವರಿಂದ ಅಲ್ಲ. ಜೀವಂತ ಆಮೆಯಿಂದ ಊರಿನ ಒಲೆ ಉರಿಯುವ ಹಾಗಾದದ್ದರಿಂದ. ಹೋಗುವವರು ಇದನ್ನು ತಲೆಯಲ್ಲಿ ಇಟ್ಟುಕೊಂಡೇ ಹೋಗಬೇಕು.

ದುಡ್ಡು ಕೊಟ್ಟು ಕೆಲಸ ಮಾಡೋದಾ? ಇದು ಮೋಸ ಅಲ್ವಾ?

ಈ ಪ್ರಶ್ನೆ ನಮ್ಮ ಅಪ್ಪನೂ ಕೇಳಿದ್ದರು. ನೀವು ಕೊಡುವ ಹಣದಲ್ಲಿ ನಿಮ್ಮ ಊಟ, ಹಾಸಿಗೆ, ದೋಣಿ, ತರಬೇತಿ ಬರುತ್ತದೆ. ಉಳಿದದ್ದು ಊರಿನ ತಂಡದ ಮುಖ್ಯಸ್ಥನ ಸಂಬಳಕ್ಕೆ, ಟ್ಯಾಗ್‌ಗೆ, ಡೀಸೆಲ್‌ಗೆ ಹೋಗುತ್ತದೆ. ದೂರದ ದಂಡೆಯಲ್ಲಿ ಎಷ್ಟೋ ಸಂಸ್ಥೆಗಳು ನಡೆಯುವುದೇ ಈ ಹಣದಿಂದ. ಅದು ಮೋಸ ಅಲ್ಲ.

ಮೋಸ ಆಗುವುದು ನಡುವಿನವರಿಂದ. ನಾನು ಮೊದಲ ಸಲ ಒಂದು ಏಜೆನ್ಸಿ ಮೂಲಕ ಬುಕ್ ಮಾಡಿದ್ದೆ. ನಾನು ಕಟ್ಟಿದ್ದರಲ್ಲಿ ಅರ್ಧಕ್ಕೂ ಕಡಿಮೆ ಹಣ ದಂಡೆಗೆ ತಲುಪಿತ್ತು ಅಂತ ಅಲ್ಲಿ ಹೋದ ಮೇಲೆ ತಿಳಿಯಿತು. ಬಹಳ ಬೇಜಾರಾಯಿತು. ಹಾಗಾಗಿ ಕೆಲಸ ನಡೆಸುವ ಸಂಸ್ಥೆಗೇ ನೇರವಾಗಿ ಬರೆಯಿರಿ. ಸೀ ಟರ್ಟಲ್ ಕನ್ಸರ್ವೆನ್ಸಿ ಇದೆ. ಆಸ್ವೋ ಅಂತ ಕೋಸ್ಟಾ ರಿಕಾದವರದೇ ಸಂಸ್ಥೆ ಇದೆ, ಸಂರಕ್ಷಿತ ಪ್ರದೇಶಗಳಿಗೆ ಸ್ವಯಂಸೇವಕರನ್ನು ಕಳಿಸುತ್ತದೆ. "ನನ್ನ ದುಡ್ಡು ಎಲ್ಲೆಲ್ಲಿಗೆ ಹೋಗುತ್ತದೆ?" ಅಂತ ಕೇಳಲು ಸಂಕೋಚ ಬೇಡ. ಒಳ್ಳೆಯವರು ಹೇಳುತ್ತಾರೆ.

ನಾನು ಬಯಾಲಜಿ ಓದಿಲ್ಲ, ವಯಸ್ಸು ಬೇರೆ 58. ಆಗತ್ತಾ?

ಓದು ಬೇಡ. ಕಾಲು ಬೇಕು. ಕತ್ತಲಲ್ಲಿ, ಮಳೆಯಲ್ಲಿ, ಮರದ ದಿಮ್ಮಿ ದಾಟಿಕೊಂಡು ಏಳೆಂಟು ಕಿಲೋಮೀಟರ್ ನಡೆಯಬಲ್ಲಿರಾ ಅಂತ ಮನೆಯಲ್ಲೇ ಪರೀಕ್ಷೆ ಮಾಡಿ. ಹತ್ತಿರ ಕಡಲಿದ್ದರೆ ಸಡಿಲ ಮರಳಿನಲ್ಲೇ ನಡೆದು ನೋಡಿ. ಡಾಂಬರು ರಸ್ತೆಯ ನಡಿಗೆ ಲೆಕ್ಕಕ್ಕಿಲ್ಲ. ನಮ್ಮ ತಂಡದಲ್ಲಿ ಅರವತ್ತು ದಾಟಿದ ನಿವೃತ್ತ ನರ್ಸ್ ಒಬ್ಬರಿದ್ದರು. ಇಪ್ಪತ್ತರ ಹುಡುಗರು ಕೂತುಬಿಟ್ಟಾಗಲೂ ಅವರು ನಡೆಯುತ್ತಿದ್ದರು. ಮಂಡಿ ನೋವು ಇರುವವರು ಮರಿಮನೆ ಕಾಯುವ ಪಾಳಿ ಕೇಳಬಹುದು. ಗೂಡುಗಳನ್ನು ತಂದು ಹೂತಿಟ್ಟ, ಬೇಲಿ ಹಾಕಿದ ಜಾಗ ಅದು. ಅಲ್ಲಿ ನಡಿಗೆ ಕಡಿಮೆ, ನಿದ್ದೆಗೆಡುವುದು ಮಾತ್ರ ಅಷ್ಟೇ.

## ಹೊರಡುವ ಮುಂಚೆ

ಯಾವ ತಿಂಗಳಲ್ಲಿ ಹೋದರೆ ಆಮೆ ಸಿಗತ್ತೆ?

ಯಾವ ಆಮೆ ಅನ್ನುವುದರ ಮೇಲೆ ಹೋಗುತ್ತದೆ. ತೋರ್ತುಗೆರೊದಲ್ಲಿ ಹಸಿರು ಕಡಲಾಮೆ ಜೂನ್‌ನಿಂದ ಅಕ್ಟೋಬರ್, ಆಗಸ್ಟ್ ಸುತ್ತಮುತ್ತ ಜಾಸ್ತಿ. ಅದೇ ಕೆರಿಬಿಯನ್ ಕಡೆ ಲೆದರ್‌ಬ್ಯಾಕ್ ಬರುವುದು ಮಾರ್ಚ್‌ನಿಂದ ಜೂನ್. ಆಮೆಗಳಲ್ಲೇ ಅತಿ ದೊಡ್ಡದು ಇದು, ಅಲ್ಲಿಯವರು ಬೌಲಾ ಅನ್ನುತ್ತಾರೆ. ಪೆಸಿಫಿಕ್ ಕಡೆಯ ಪ್ಲಾಯಾ ಗ್ರಾಂದೆಗೆ ಬೌಲಾ ಬರುವುದು ಅಕ್ಟೋಬರ್‌ನಿಂದ ಫೆಬ್ರವರಿವರೆಗೆ. ಆದರೆ ಆ ಕಡೆ ಅವು ಎಷ್ಟು ಕಡಿಮೆಯಾಗಿವೆ ಅಂದರೆ ಎಷ್ಟೋ ರಾತ್ರಿ ಒಂದೂ ಬರುವುದಿಲ್ಲ. ನೋಡಲೇಬೇಕೆಂಬ ಆಸೆಯಿಂದ ಹೋಗಿ ನಿರಾಶರಾಗಬೇಡಿ. ಒಂದೂ ಬರಲಿಲ್ಲ ಅಂತ ಬರೆಯುವುದೂ ಗಸ್ತಿನ ಕೆಲಸವೇ.

ಮಳೆ ಬಗ್ಗೆ ಒಂದು ಮಾತು. ತೋರ್ತುಗೆರೊದಲ್ಲಿ ವರ್ಷಕ್ಕೆ 5000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಆಗುಂಬೆ ಕಡೆಯವರಿಗೆ ಮನೆಯಂತೆಯೇ ಅನ್ನಿಸೀತು.

ವೀಸಾ ಕಷ್ಟಾನಾ?

ಭಾರತದ ಪಾಸ್‌ಪೋರ್ಟ್‌ಗೆ ಮೊದಲೇ ವೀಸಾ ಪಡೆಯಬೇಕು. ದೆಹಲಿಯಲ್ಲಿ ಅವರ ರಾಯಭಾರ ಕಚೇರಿ ಇದೆ. ಚಾಲ್ತಿಯಲ್ಲಿರುವ, ಹಲವು ಸಲ ಪ್ರವೇಶದ ಅಮೆರಿಕ ವೀಸಾ ಇದ್ದವರಿಗೆ ಬೇರೆ ವೀಸಾ ಇಲ್ಲದೆ ಒಳಗೆ ಬಿಡುವ ಅನುಕೂಲ ಇದೆ. ಈ ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ತೆಗೆಯುವ ಮುಂಚೆ ಕಚೇರಿಗೇ ಬರೆದು ಕೇಳಿ. ನೇರ ವಿಮಾನ ಇಲ್ಲ. ಅಮೆರಿಕದ ಮೇಲೆ ಹೋದರೆ ವಿಮಾನ ಬದಲಿಸಲಿಕ್ಕೂ ಆ ದೇಶದ ವೀಸಾ ಬೇಕೇ ಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ದಕ್ಷಿಣ ಅಮೆರಿಕ ಸುತ್ತಿ ಬರುವ ಯೋಚನೆ ಇದ್ದರೆ ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಂಡು ಕಾರ್ಡ್ ಇಟ್ಟುಕೊಳ್ಳಿ. ನಿಮ್ಮದು ಪ್ರವಾಸಿ ವೀಸಾ ಆದರೆ ಅದರಲ್ಲಿ ಸ್ವಯಂಸೇವೆ ಮಾಡಬಹುದಾ ಅಂತ ಸಂಸ್ಥೆಯಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ.

ನಾವು ಸಸ್ಯಾಹಾರಿಗಳು. ಉಪವಾಸ ಬೀಳಬೇಕಾ?

ಖಂಡಿತ ಇಲ್ಲ. ಬೆಳಗಿನ ತಿಂಡಿಯೇ ಅನ್ನ, ಕರಿ ಹುರುಳಿಕಾಯಿ ಬೀಜ. ಗಾಯೊ ಪಿಂಟೊ ಅಂತ ಹೆಸರು. ಜೊತೆಗೆ ಹುರಿದ ನೇಂದ್ರ ಬಾಳೆಹಣ್ಣಿನಂಥದ್ದು. ಕರಾವಳಿಯವರಿಗೆ ಕೆರಿಬಿಯನ್ ಕಡೆಯ ತೆಂಗಿನಹಾಲಿನ ಅನ್ನ ನಮ್ಮದೇ ಅನ್ನಿಸುತ್ತದೆ. ಸಣ್ಣ ಹೋಟೆಲಿಗೆ ಅಲ್ಲಿ "ಸೋಡಾ" ಅನ್ನುತ್ತಾರೆ. ಒಂದು ಎಚ್ಚರ: "ಸಿನ್ ಕಾರ್ನೆ", ಅಂದರೆ ಮಾಂಸ ಬೇಡ ಅಂದರೆ ದನದ ಮಾಂಸ ಮಾತ್ರ ಬಿಟ್ಟು ಕೋಳಿ ಹಾಕಿ ಕೊಡುವುದುಂಟು. ಕೋಳಿ ಬೇಡ, ಮೀನು ಬೇಡ ಅಂತ ಒಂದೊಂದಾಗಿ ಹೇಳಿ. ಉಪ್ಪಿನಕಾಯಿ, ಚಟ್ನಿಪುಡಿ ಒಯ್ಯಿರಿ. ನಮ್ಮ ಅಡುಗೆಮನೆಯಲ್ಲಿ ನನ್ನ ಚಟ್ನಿಪುಡಿ ಎರಡೇ ವಾರಕ್ಕೆ ಖಾಲಿಯಾಯಿತು, ಎಲ್ಲರಿಗೂ ಅಷ್ಟು ಇಷ್ಟ.

ಮಗಳನ್ನು ಒಬ್ಬಳೇ ಕಳಿಸಬಹುದಾ ಮೇಡಂ? ಅಲ್ಲಿ ಕೊಲೆ ಆಗಿತ್ತು ಅಂತ ಓದಿದೆ.

ಆಗಿತ್ತು, ಮುಚ್ಚಿಡುವುದಿಲ್ಲ. 2013ರ ಮೇ 31ರ ನಸುಕಿನಲ್ಲಿ ಲಿಮೋನ್ ಊರಿನ ಹತ್ತಿರದ ಮೊಯಿನ್ ದಂಡೆಯಲ್ಲಿ ಹೈರೋ ಮೋರಾ ಸಾಂದೊವಾಲ್ ಎಂಬ 26 ವರ್ಷದ ಯುವಕನನ್ನು ಕೊಂದರು. ಅವನು ಅಲ್ಲಿ ಬೌಲಾ ಗೂಡುಗಳನ್ನು ಕಾಯುತ್ತಿದ್ದ. ಜೊತೆಗಿದ್ದ ವಿದೇಶಿ ಸ್ವಯಂಸೇವಕಿಯರನ್ನೂ ಹಿಡಿದಿಟ್ಟಿದ್ದರು, ಅವರು ಪಾರಾದರು. 2016ರಲ್ಲಿ ನಾಲ್ವರಿಗೆ ಶಿಕ್ಷೆಯಾಯಿತು. ಮೊಟ್ಟೆ ಕದಿಯುವುದು ಮತ್ತು ಡ್ರಗ್ಸ್ ಸಾಗಣೆ ಎರಡೂ ಒಂದೇ ದಂಡೆಯಲ್ಲಿ ನಡೆಯುತ್ತಿದ್ದ ಜಾಗ ಅದು. ಅಲ್ಲಿ ಕೆಲಸ ಮಾಡುವವರು ಇವತ್ತಿಗೂ ಹೈರೋ ಹೆಸರು ಹೇಳುವಾಗ ದನಿ ತಗ್ಗಿಸುತ್ತಾರೆ.

ಹಾಗಾಗಿ ಸಂಸ್ಥೆಯನ್ನು ಹೀಗೆ ಕೇಳಿ: ಗಸ್ತಿನಲ್ಲಿ ಕನಿಷ್ಠ ಎಷ್ಟು ಜನ? ರೇಡಿಯೋ ಇದೆಯಾ? ಕಳ್ಳರು ಎದುರಾದರೆ ನಿಯಮ ಏನು? ಸರಿಯಾದ ಉತ್ತರ ಒಂದೇ. ಗೂಡು ಬಿಟ್ಟು ಹಿಂದೆ ಸರಿಯುವುದು. ನಾನಿದ್ದ ಕಡೆ ಹಾಗೇ ಇತ್ತು, ಎರಡು ಸಲ ಹಾಗೇ ಮಾಡಿದೆವು. ಹೊಟ್ಟೆ ಉರಿಯುತ್ತದೆ, ಆದರೂ ಸರಿಯಬೇಕು. ತೋರ್ತುಗೆರೊದಂಥ ಉದ್ಯಾನದ ದಂಡೆಗೂ ಪೇಟೆ ಪಕ್ಕದ ಕಾವಲಿಲ್ಲದ ದಂಡೆಗೂ ಬಹಳ ಫರಕಿದೆ. ಮೊದಲ ಸಲ ಹೋಗುವ ಮಗಳಿಗೆ ಮೊದಲನೆಯದೇ ಇರಲಿ. ಇನ್ನೊಂದು: ಅಲ್ಲಿ ಈಜಬೇಡಿ ಅಂತ ಹೇಳಿ ಕಳಿಸಿ. ಸೆಳೆತ ಜೋರು, ಶಾರ್ಕ್‌ಗಳೂ ಇವೆ. ಕಾಲುವೆಗಳಲ್ಲಿ ಮೊಸಳೆ ಇವೆ.

ಸ್ಪ್ಯಾನಿಷ್ ಬರಲ್ಲ. ಏನೇನು ಒಯ್ಯಬೇಕು?

ಮೂರು ತಿಂಗಳು ಮುಂಚೆ ದಿನಕ್ಕೆ ಅರ್ಧ ಗಂಟೆ ಕಲಿತರೆ ಊಟ, ದಾರಿ, ನಮಸ್ಕಾರಕ್ಕೆ ಸಾಕು. ಲಿಮೋನ್ ಪ್ರಾಂತ್ಯದ ಹಿರಿಯರಲ್ಲಿ ಹಲವರಿಗೆ ಕೆರಿಬಿಯನ್ ಇಂಗ್ಲಿಷ್ ಬರುತ್ತದೆ. ಒಯ್ಯಬೇಕಾದದ್ದು: ಕಪ್ಪು ಅಥವಾ ಗಾಢ ಬಣ್ಣದ ಉದ್ದ ತೋಳಿನ ಬಟ್ಟೆ, ಕೆಂಪು ಬೆಳಕಿನ ತಲೆಟಾರ್ಚ್, ಗಟ್ಟಿ ರೇನ್‌ಕೋಟ್, ಒದ್ದೆಯಾದರೂ ನಡೆಯುವ ಚಪ್ಪಲಿ, ಸೊಳ್ಳೆಪರದೆ. ಡೆಂಗಿ ಇದೆ. ಸೊಳ್ಳೆ ಮುಲಾಮು ಕೈಗೆ ಹಚ್ಚಿಕೊಂಡು ಮೊಟ್ಟೆ ಮುಟ್ಟಬಾರದು, ಅದಕ್ಕೇ ಉದ್ದ ತೋಳು. ಜೀನ್ಸ್ ಬೇಡ, ಎಂಟು ವಾರವಾದರೂ ಒಣಗುವುದಿಲ್ಲ.

## ದಂಡೆಯ ಮೇಲೆ

ಒಂದು ಫೋಟೋನೂ ತೆಗೆಯಬಾರದಾ?

ಬಾರದು. ಕಡಲಿನಿಂದ ಮೇಲೆ ಬರುವ ಆಮೆ ಬಿಳಿ ಬೆಳಕು ಕಂಡರೆ ಮೊಟ್ಟೆ ಇಡದೆ ತಿರುಗಿ ಹೋಗಬಹುದು. ನನ್ನ ಮೂರನೇ ರಾತ್ರಿ ಜೇಬಿನಲ್ಲಿದ್ದ ಫೋನು ಒಮ್ಮೆ ಬೆಳಗಿತು. ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ ಆಮೆ ನಿಂತಿತು, ತಿರುಗಿತು, ನೀರಿಗೆ ಇಳಿಯಿತು. ತಂಡದ ಮುಖ್ಯಸ್ಥ ಏನೂ ಬೈಯಲಿಲ್ಲ. "ನಾಳೆ ಬರ್ತಾಳೆ ಬಿಡಿ" ಅಂದ. ನೂರು ಕಿಲೋಗಿಂತ ಭಾರದ ದೇಹ ಎಳೆದುಕೊಂಡು ಮತ್ತೆ ಬರಬೇಕಲ್ಲ ಅಂತ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನದಿಂದ ಫೋನನ್ನು ಕೋಣೆಯಲ್ಲೇ ಬಿಟ್ಟೆ.

ಪ್ರವಾಸಿಗಳ ತೊಂದರೆ ತಪ್ಪಿಸಲು ತೋರ್ತುಗೆರೊದವರು ಒಂದು ಚೆಂದದ ಉಪಾಯ ಮಾಡಿದ್ದಾರೆ. ಊರಿನ ಕೆಲವರು ಮಾತ್ರ ದಂಡೆ ನೋಡಿಕೊಂಡು, ಆಮೆ ಮೊಟ್ಟೆ ಇಡಲು ಕೂತ ಮೇಲೆ ಗೈಡ್‌ಗೆ ರೇಡಿಯೋದಲ್ಲಿ ಹೇಳುತ್ತಾರೆ. ಪ್ರವಾಸಿಗಳು ಅಲ್ಲಿಯವರೆಗೆ ಮರಗಳ ಹಿಂದಿನ ದಾರಿಯಲ್ಲಿ ಕಾಯುತ್ತಾರೆ. ಪ್ರವಾಸಿಗಳು ಕೊಡುವ ಹಣದಿಂದ ಆ ಕಾವಲಿನವರಿಗೆ ಕೂಲಿ.

ಮರಿಗಳನ್ನು ಕೈಯಲ್ಲಿ ಎತ್ತಿ ನೀರಿಗೆ ಬಿಟ್ಟರೆ ಏನು ತಪ್ಪು? ಪಾಪ, ಕಾಗೆ ತಿನ್ನತ್ತಲ್ಲ.

ಕೈ ತುರಿಸುತ್ತದೆ, ಒಪ್ಪುತ್ತೇನೆ. ಆದರೆ ಮರಿ ಮರಳಿನ ಮೇಲೆ ತಾನೇ ನಡೆದು ಹೋಗಬೇಕು. ದೊಡ್ಡದಾದ ಮೇಲೆ ಇದೇ ದಂಡೆಯ ಕಡೆಗೆ ಮರಳುವ ನೆನಪು ಹುಟ್ಟಿದ ಜಾಗದಿಂದಲೇ ಮೂಡುತ್ತದೆ. ಗೂಡಿನಿಂದ ಹೊರಬಿದ್ದ ಮರಿಗೆ ಮೊದಲ ಒಂದು ದಿನ ಎಡೆಬಿಡದೆ ಈಜುವ ಕಸುವು ಇರುತ್ತದೆ. ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯೇ ಅದಕ್ಕೆ ಬುತ್ತಿ. ತೊಟ್ಟಿಯಲ್ಲಿಟ್ಟು ಮೂರು ದಿನ ಪ್ರವಾಸಿಗಳಿಗೆ ತೋರಿಸಿ ಬಿಟ್ಟರೆ ಆ ಕಸುವು ತೊಟ್ಟಿಯಲ್ಲೇ ಮುಗಿದಿರುತ್ತದೆ. ನಿಮ್ಮ ಕೆಲಸ ನಾಯಿ, ಹಕ್ಕಿ, ಬೆಳಕು ಇವನ್ನು ದೂರ ಇಡುವುದು. ಅಷ್ಟಾದರೂ ಕಡಿಮೆಯಲ್ಲ.

ಊರಿನ ಶಾಲೆಯಲ್ಲಿ ಪಾಠ ಮಾಡಬಹುದಾ?

ಆ ಶಾಲೆಯ ಟೀಚರ್ ಕರೆದರೆ ಮಾತ್ರ. ಎರಡು ವಾರಕ್ಕೊಬ್ಬರು ಹೊಸಬರು ಬಂದು "ಎ ಫಾರ್ ಆಪಲ್" ಹೇಳಿಕೊಟ್ಟರೆ ಮಕ್ಕಳಿಗೆ ಏನೂ ಸಿಗುವುದಿಲ್ಲ, ಹತ್ತಿರವಾದವರು ಮತ್ತೆ ಮತ್ತೆ ಬಿಟ್ಟುಹೋಗುವ ನೋವು ಮಾತ್ರ. ಪೊಲೀಸ್ ಕ್ಲಿಯರೆನ್ಸ್ ಕೇಳದೆ ಮಕ್ಕಳ ಜೊತೆ ಬಿಡುವ ಕಾರ್ಯಕ್ರಮಕ್ಕೆ ಹೋಗಲೇಬೇಡಿ. ನಮ್ಮಲ್ಲಿ ಅದು ಪಾಸ್‌ಪೋರ್ಟ್ ಸೇವಾ ಮೂಲಕ ಸಿಗುತ್ತದೆ. ನನಗೆ ಕೊಟ್ಟ ಕೆಲಸ ಶಾಲೆಯ ಬೇಲಿಗೆ ಬಣ್ಣ ಹಚ್ಚುವುದು, ಮತ್ತು ಗೈಡ್ ಪರೀಕ್ಷೆಗೆ ಓದುತ್ತಿದ್ದ ಇಬ್ಬರು ಹೆಂಗಸರ ಜೊತೆ ಸಂಜೆ ಇಂಗ್ಲಿಷ್ ಮಾತಾಡುವುದು. ಎರಡನೆಯದು ಆಮೆ ಕೆಲಸದಷ್ಟೇ ಉಪಯೋಗ ಆಯಿತು ಅಂತ ನನ್ನ ಅನಿಸಿಕೆ.

## ಸ್ವಲ್ಪ ಆಳದ ಪ್ರಶ್ನೆಗಳು

ಒಳ್ಳೆ ಸಂಸ್ಥೆ ಅಂತ ಹೇಗೆ ಗುರುತಿಸೋದು?

ಅವರು ಗೂಡುಗಳನ್ನು ಎಲ್ಲಿ ಬಿಡುತ್ತಾರೆ ಅಂತ ಕೇಳಿ. ಗೂಡು ಇದ್ದಲ್ಲೇ ಇರಬೇಕು, ಕಳ್ಳತನ ಅಥವಾ ಅಲೆಯ ಕಾಟ ಇದ್ದರೆ ಮಾತ್ರ ಬೇರೆ ಕಡೆಗೆ ಒಯ್ಯಬೇಕು. ಇಟ್ಟ ಕೆಲವೇ ಗಂಟೆಗಳಲ್ಲಿ ಒಳಗಿನ ಜೀವ ಮೊಟ್ಟೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಹೊರಳಿಸಿದರೆ ಸಾಯುತ್ತದೆ. ಇದು ಗೊತ್ತಿಲ್ಲದವರು ಮರಿಮನೆ ನಡೆಸಬಾರದು.

ಮರಳಿನ ಬಿಸಿ ಅಳೆಯುತ್ತಾರಾ ಅಂತಲೂ ಕೇಳಿ. ಕಡಲಾಮೆಯಲ್ಲಿ ಗಂಡೋ ಹೆಣ್ಣೋ ಅನ್ನುವುದನ್ನು ನಿರ್ಧರಿಸುವುದು ಗೂಡಿನ ಶಾಖ. 29 ಡಿಗ್ರಿ ಆಸುಪಾಸಿನಲ್ಲಿ ಎರಡೂ ಸಮವಾಗಿ ಹುಟ್ಟುತ್ತವೆ, ಬಿಸಿ ಏರಿದಷ್ಟೂ ಹೆಣ್ಣು ಜಾಸ್ತಿ. ಹಾಗಾಗಿ ಒಳ್ಳೆಯ ಮರಿಮನೆಯಲ್ಲಿ ನೆರಳು ಮತ್ತು ಥರ್ಮಾಮೀಟರ್ ಎರಡೂ ಇರುತ್ತವೆ.

ಕೊನೆಗೆ, ಸಂಬಳ ಪಡೆಯುವವರಲ್ಲಿ ಊರಿನವರು ಎಷ್ಟು ಜನ ಅಂತ ಕೇಳಿ. ಎಲ್ಲ ಮುಖ್ಯ ಕೆಲಸಗಳಲ್ಲಿ ಹೊರದೇಶದವರೇ ಇದ್ದರೆ ನನಗೆ ಅನುಮಾನ ಬರುತ್ತದೆ.

ಒಸ್ತಿಯೊನಾಲ್‌ನಲ್ಲಿ ಊರವರೇ ಆಮೆ ಮೊಟ್ಟೆ ಮಾರ್ತಾರಂತೆ! ಅಂಥ ಕಡೆ ಹೋಗಿ ಕೆಲಸ ಮಾಡಿದ್ರಾ?

ಮಾಡಿದೆ. ಹೋಗುವಾಗ ನನಗೂ ಇದೇ ಸಿಟ್ಟು ಇತ್ತು.

ಒಸ್ತಿಯೊನಾಲ್‌ಗೆ ಬರುವುದು ಆಲಿವ್ ರಿಡ್ಲೆ, ನಮ್ಮ ಉತ್ತರ ಕನ್ನಡಕ್ಕೆ ಬರುವ ಅದೇ ಜಾತಿ. ನಮ್ಮಲ್ಲಿ ಒಂಟಿಯಾಗಿ ಬರುತ್ತವೆ. ಅಲ್ಲಿ, ಒಡಿಶಾದ ಋಷಿಕುಲ್ಯಾ, ಗಹಿರ್‌ಮಠದಂತೆ, ಕೆಲವೇ ದಿನಗಳಲ್ಲಿ ಸಾವಿರ ಸಾವಿರ ಸೇರಿ ಬರುತ್ತವೆ. ಇದಕ್ಕೆ ಅರಿಬಾದಾ ಅನ್ನುತ್ತಾರೆ. ಮೊದಲ ರಾತ್ರಿ ಇಟ್ಟ ಗೂಡನ್ನು ಮೂರನೇ ರಾತ್ರಿ ಬಂದವು ಅಗೆದು ಹಾಳು ಮಾಡುತ್ತವೆ. ಒಡೆದ ಮೊಟ್ಟೆ ಕೊಳೆತು ಪಕ್ಕದ ಗೂಡೂ ಕೆಡುತ್ತದೆ. ಹೇಗೂ ಹಾಳಾಗುವ ಮೊಟ್ಟೆಗಳಲ್ಲಿ ಒಂದು ಪಾಲನ್ನು ಊರವರೇ ತೆಗೆಯಲಿ ಅಂತ 1987ರಿಂದ ಸರ್ಕಾರ ಅನುಮತಿ ಕೊಟ್ಟಿತು. ಅರಿಬಾದಾ ಶುರುವಾದ ಮೊದಲ 36 ಗಂಟೆ ಮಾತ್ರ. ಗಂಡಸರು ಹಿಮ್ಮಡಿಯಿಂದ ಮರಳು ಒತ್ತಿ ಗೂಡು ಹುಡುಕುತ್ತಾರೆ, ಹೆಂಗಸರು ಕೂತು ಮೊಟ್ಟೆ ತೆಗೆಯುತ್ತಾರೆ. ಊರಿನ ಸಂಘ ಮುದ್ರೆ ಒತ್ತಿದ ಚೀಲದಲ್ಲಿ ಮಾರುತ್ತದೆ. ಹಣದಲ್ಲಿ ಒಂದು ಪಾಲು ಮನೆಗಳಿಗೆ, ಒಂದು ಪಾಲು ಊರಿನ ಕೆಲಸಕ್ಕೆ. ಬದಲಿಗೆ ಉಳಿದೆಲ್ಲ ದಿನ ಅವರೇ ದಂಡೆ ಕಾಯಬೇಕು, ಮರದ ಕಸ ತೆಗೆಯಬೇಕು, ಮರಿ ಹೊರಡುವಾಗ ರಣಹದ್ದು, ನಾಯಿಗಳನ್ನು ಓಡಿಸಬೇಕು.

ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಕಾನೂನಿನ ಮೊಟ್ಟೆಯ ಮರೆಯಲ್ಲಿ ಬೇರೆ ದಂಡೆಯ ಕಳ್ಳಮೊಟ್ಟೆಯೂ ಮಾರಾಟವಾಗಬಹುದು ಅನ್ನುವ ಅವರ ಮಾತು ಸುಳ್ಳಲ್ಲ. ಈ ಲೆಕ್ಕ ಅರಿಬಾದಾ ದಂಡೆಗೆ ಮಾತ್ರ ಸರಿ, ಒಂಟಿ ಗೂಡುಗಳ ದಂಡೆಗೆ ಖಂಡಿತ ಅಲ್ಲ. ಆದರೆ ಮರಿ ಹೊರಡುವ ಬೆಳಿಗ್ಗೆ ಅಜ್ಜಿಯಿಂದ ಮೊಮ್ಮಗಳವರೆಗೆ ಇಡೀ ಊರು ಕೋಲು ಹಿಡಿದು ದಂಡೆಗೆ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಯಾವ ಕಾವಲು ಪಡೆಯೂ ಅಷ್ಟು ಕಾಯಲಾರದು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಎರಡು ವಾರ ಹೋಗಿ ಬಂದರೆ ಆಮೆಗೆ ಏನು ಲಾಭ? ಅಷ್ಟು ದೂರ ವಿಮಾನದಲ್ಲಿ ಬೇರೆ.

ಎರಡು ವಾರಕ್ಕೆ ಹೋಗಬೇಡಿ ಅಂತಲೇ ನನ್ನ ಸಲಹೆ. ಮೊದಲ ವಾರ ಕಲಿಯುವುದರಲ್ಲೇ ಕಳೆಯುತ್ತದೆ. ಆರು ವಾರವಾದರೂ ಇದ್ದರೆ ಹೊಸಬರಿಗೆ ನೀವೇ ಕಲಿಸಬಹುದು.

ಲಾಭ ಒಂದು ರಾತ್ರಿಯಲ್ಲಿ ಕಾಣುವುದಿಲ್ಲ. ಹಸಿರು ಕಡಲಾಮೆ ಎರಡು ಮೂರು ವರ್ಷಕ್ಕೊಮ್ಮೆ ಮರಳುತ್ತದೆ, ಒಂದು ಹಂಗಾಮಿನಲ್ಲಿ ಸುಮಾರು ಹನ್ನೆರಡು ದಿನಕ್ಕೊಮ್ಮೆ ಹಲವು ಸಲ ಮೊಟ್ಟೆ ಇಡುತ್ತದೆ. ತೋರ್ತುಗೆರೊದಲ್ಲಿ ಟ್ಯಾಗ್ ಹಾಕಿದವು ನಿಕರಾಗುವಾದ ಕಡಲಹುಲ್ಲಿನ ಬಯಲುಗಳಲ್ಲಿ ಸಿಕ್ಕಾಗಲೇ ಅವು ಮೇಯುವುದು ಎಲ್ಲಿ ಅಂತ ತಿಳಿದದ್ದು. ಇಂಥ ತಿಳಿವಳಿಕೆ ಬಂದದ್ದು ಯಾರೋ ಮಳೆಯಲ್ಲಿ ನಿಂತು ಬರೆದ ಅಂಕಿಗಳಿಂದ. ಕೋಸ್ಟಾ ರಿಕಾದಲ್ಲಿ ಲಿಮೋನ್ ಮೀನುಗಾರರಿಗೆ 1999ರವರೆಗೂ ಕಾನೂನಿನ ಪ್ರಕಾರವೇ ಹಸಿರು ಕಡಲಾಮೆ ಹಿಡಿಯಲು ಅವಕಾಶ ಇತ್ತು. 2002ರಲ್ಲಿ ಕಡಲಾಮೆಗಳಿಗೆಂದೇ ಕಾಯ್ದೆ ಬಂತು. ನಾನು ಅಳೆದ ಒಂದು ಆಮೆಗೆ ಆಗಲೇ ಟ್ಯಾಗ್ ಇತ್ತು, ಅಂಚು ಸವೆದಿತ್ತು. ಯಾವುದೋ ಹಂಗಾಮಿನಲ್ಲಿ ಇನ್ನೊಬ್ಬರು ಹಾಕಿದ್ದು. ಅವರ ಬರಹದ ಕೆಳಗಿನ ಸಾಲು ನನ್ನದು.

ನನಗೆ ಅಷ್ಟು ದೂರ ಹೋಗಕ್ಕಾಗಲ್ಲ. ಇಲ್ಲೇ ಏನಾದ್ರೂ ಇದೆಯಾ?

ಇದೆ, ಮತ್ತು ಕೈ ಕಡಿಮೆ ಇದೆ. ಹೊನ್ನಾವರದ ಕಾಸರಕೋಡು ಟೊಂಕ, ಕಾರವಾರದ ದೇವಬಾಗ, ಕುಂದಾಪುರದ ದಂಡೆಗಳಿಗೆ ಚಳಿಗಾಲದಿಂದ ಬೇಸಿಗೆಯ ಮೊದಲ ದಿನಗಳವರೆಗೆ ಆಲಿವ್ ರಿಡ್ಲೆ ಬರುತ್ತವೆ. ಗೂಡು ಕಂಡ ಮೀನುಗಾರರು ಹೇಳುತ್ತಾರೆ, ಅರಣ್ಯ ಇಲಾಖೆ ಬಲೆ ಕಟ್ಟಿ ಕಾಯುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು. ಇಲಾಖೆಯ ಅನುಮತಿ ಇಲ್ಲದೆ ಗೂಡು ಮುಟ್ಟುವಂತಿಲ್ಲ. ಮೊದಲು ನಿಮ್ಮ ಹತ್ತಿರದ ವಲಯ ಅರಣ್ಯ ಕಚೇರಿಗೆ ಹೋಗಿ. ಚೆನ್ನೈನಲ್ಲಿ ವಿದ್ಯಾರ್ಥಿಗಳ ಕಡಲಾಮೆ ಜಾಲ 1988ರಿಂದ ರಾತ್ರಿ ನಡೆಯುತ್ತಿದೆ, ಹಂಗಾಮಿನಲ್ಲಿ ವಾರದ ಕೊನೆಗೆ ಜನರನ್ನೂ ಕರೆದುಕೊಂಡು ಹೋಗುತ್ತದೆ. ಮಹಾರಾಷ್ಟ್ರದ ವೇಳಾಸ್‌ನಲ್ಲಿ ಊರಿನ ಮನೆಗಳಲ್ಲೇ ಉಳಿದು ಮರಿ ಹೊರಡುವುದನ್ನು ನೋಡಬಹುದು. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಒಡಿಶಾ, ಅಂಡಮಾನ್‌ಗಳಲ್ಲಿ ಆಮೆಗಳ ಮೇಲೆ ಸಂಶೋಧನೆ ನಡೆಸುತ್ತದೆ.

ಕೋಸ್ಟಾ ರಿಕಾದಿಂದ ಬಂದ ಮೇಲೆ ನಾನು ಜನವರಿಯಿಂದ ಮಾರ್ಚ್‌ವರೆಗೆ ಶನಿವಾರ ರಾತ್ರಿ ನಮ್ಮೂರಿನ ಬೇಲೆಯಲ್ಲಿ, ಅಂದರೆ ಕಡಲ ದಂಡೆಯಲ್ಲಿ, ಮೀನುಗಾರ ಅಣ್ಣಂದಿರ ಜೊತೆ ನಡೆಯುತ್ತೇನೆ. ಹೋದ ಹಂಗಾಮಿನಲ್ಲಿ ಎರಡು ಗೂಡು ಸಿಕ್ಕವು. ಬರುವವರು ಕಪ್ಪು ಬಟ್ಟೆ ಹಾಕಿಕೊಂಡು, ಫೋನು ಮನೆಯಲ್ಲಿಟ್ಟು ಬನ್ನಿ.